ಮೀನು ಬದುಕಿದ ನೀರಿನಲ್ಲಿ ಪಾಚಿ ಬೆಳೆಯುತ್ತದೆಯೇ?

(ಕೆರೆಗಳ ಬಗ್ಗೆ ಕಾಳಜಿ ಇರುವ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಾರ್ಖಾನೆಯಿಂದ ಹೊರಗೆ ಬಿಡುವ ನೀರು ವಿಷವೋ ಅಲ್ಲವೋ ಎಂದು ನೋಡಲು ನಮ್ಮ ದೇಶದಲ್ಲಿ ಒಂದು ಪರೀಕ್ಷೆ ಇದೆ. 1986ರ ಪರಿಸರ ಸಂರಕ್ಷಣಾ ನಿಯಮಗಳ ಜೊತೆಗಿರುವ ಮಾನದಂಡಗಳ ಪಟ್ಟಿಯಲ್ಲಿ ಅದು ಸಿಗುತ್ತದೆ. ಆ ನೀರಿಗೆ ಒಂದು ಹನಿಯೂ ಬೇರೆ ನೀರು ಬೆರೆಸಬಾರದು. ಹಾಗೇ ಅದರಲ್ಲಿ ಮೀನು ಬಿಡಬೇಕು. 96 ಗಂಟೆ ಕಳೆದ ಮೇಲೆ ನೂರಕ್ಕೆ 90 ಮೀನು ಬದುಕಿರಬೇಕು. ಬದುಕಿದ್ದರೆ ಪಾಸು.

ಇದು ಕೆಟ್ಟ ಪರೀಕ್ಷೆಯಲ್ಲ. ನೀರಿನ ಪಿಎಚ್ ಇಷ್ಟು, ಸೀಸ ಇಷ್ಟು, ಕ್ರೋಮಿಯಂ ಇಷ್ಟು ಎಂದು ಅಳೆದರೆ ನಾವು ಹುಡುಕಿದ್ದು ಮಾತ್ರ ಸಿಗುತ್ತದೆ. ಹುಡುಕದೇ ಇದ್ದದ್ದು ಸಿಗುವುದಿಲ್ಲ. ಮೀನಿಗೆ ಆ ಮಿತಿ ಇಲ್ಲ. ನೀರಿನಲ್ಲಿ ಏನೇನಿದೆಯೋ ಅಷ್ಟನ್ನೂ ಅದು ಒಟ್ಟಿಗೆ ಅನುಭವಿಸುತ್ತದೆ. ಹಾಗಾಗಿ ಜೀವಿಗಳನ್ನು ಇಟ್ಟು ಪರೀಕ್ಷೆ ಮಾಡುವುದು ಬೇಕೇ ಬೇಕು. ಆದರೆ ಬರೀ ಮೀನಿನ ಮಾತು ಕೇಳಿ ನಿಂತುಬಿಟ್ಟರೆ ಸಾಲದು. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಅದನ್ನೇ. ನಾನು ರಾಸಾಯನಿಕಗಳ ವಿಷತನ ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ನನ್ನ ಕೆಲಸ ಪಾಚಿಯ ಜೊತೆ.

ಒಂದು ರಾಸಾಯನಿಕವನ್ನು ಹಿಡಿದು ಮಾತಾಡೋಣ. ಟ್ರೈಕ್ಲೋಸಾನ್. 1960ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ, ಬ್ಯಾಕ್ಟೀರಿಯಾ ಕೊಲ್ಲುವ ವಸ್ತು ಇದು. ಮೊದಲು ಆಸ್ಪತ್ರೆಗಳಲ್ಲಿ ಸರ್ಜನ್‌ಗಳು ಕೈ ತೊಳೆಯುವುದಕ್ಕೆ ಬಂತು. ಆಮೇಲೆ ಸೋಪು, ಹ್ಯಾಂಡ್‌ವಾಶ್, ಟೂತ್‌ಪೇಸ್ಟ್, ಡಿಯೋಡರೆಂಟು, ಕೊನೆಗೆ ಕಾಲುಚೀಲ, ತರಕಾರಿ ಹೆಚ್ಚುವ ಹಲಗೆಯವರೆಗೂ ಹೋಯಿತು. ಇವುಗಳಲ್ಲಿ ಹೆಚ್ಚಿನವು ಬಳಸಿದ ಮೇಲೆ ಬಚ್ಚಲಿಗೆ ಹೋಗುವಂಥವು. ಬಚ್ಚಲಿನಿಂದ ಚರಂಡಿ, ಚರಂಡಿಯಿಂದ ಕೆರೆ ಅಥವಾ ಹೊಳೆ.

2002ರಲ್ಲಿ ಇದರ ವಿಷತನದ ಬಗ್ಗೆ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಫ್ಯಾಟ್‌ಹೆಡ್ ಮಿನ್ನೋ ಎಂಬ ಸಣ್ಣ ಮೀನುಗಳಲ್ಲಿ ಅರ್ಧದಷ್ಟು 96 ಗಂಟೆಯಲ್ಲಿ ಸಾಯಬೇಕಾದರೆ ಲೀಟರಿಗೆ 260 ಮೈಕ್ರೋಗ್ರಾಂ ಟ್ರೈಕ್ಲೋಸಾನ್ ಬೇಕಾಯಿತು. ಡಾಫ್ನಿಯಾ ಎಂಬ ಕಡುಕಿರಿಯ ನೀರುಜೀವಿಗೆ 48 ಗಂಟೆಯಲ್ಲಿ 390 ಮೈಕ್ರೋಗ್ರಾಂ. ಸೀನೆಡೆಸ್ಮಸ್ ಎಂಬ ಹಸಿರು ಪಾಚಿಯ ಬೆಳೆ ಅರ್ಧಕ್ಕೆ ಇಳಿಯಲು ಬೇಕಾದದ್ದು ಎಷ್ಟು ಗೊತ್ತಾ? 1.4 ಮೈಕ್ರೋಗ್ರಾಂ.

ಮತ್ತೊಮ್ಮೆ ಹೇಳುತ್ತೇನೆ. ಮೀನಿಗೆ 260, ಪಾಚಿಗೆ 1.4. ನೂರೆಂಬತ್ತು ಪಟ್ಟಿಗೂ ಜಾಸ್ತಿ ವ್ಯತ್ಯಾಸ.

1.4 ಮೈಕ್ರೋಗ್ರಾಂ ಅಂದರೆ ಹತ್ತು ಲಕ್ಷ ಲೀಟರ್ ನೀರಿಗೆ 1.4 ಗ್ರಾಂ. ಟೂತ್‌ಪೇಸ್ಟಿನಲ್ಲಿ ಇದನ್ನು ಶೇಕಡಾ 0.3ರಷ್ಟು ಹಾಕುತ್ತಿದ್ದರು. ಒಂದು ಗ್ರಾಂ ಪೇಸ್ಟಿನಲ್ಲಿ ಮೂರು ಮಿಲಿಗ್ರಾಂ ಆಯಿತು. ಲೆಕ್ಕ ಹಾಕಿದರೆ ಒಬ್ಬರು ಒಮ್ಮೆ ಹಲ್ಲುಜ್ಜಿ ಉಗಿದದ್ದು ಎರಡು ಸಾವಿರ ಲೀಟರ್ ನೀರನ್ನು ಆ ಮಟ್ಟಕ್ಕೆ ತರಲು ಸಾಕು. ಚೆನ್ನಾಗಿ ನಡೆಯುವ ಕೊಳಚೆ ಶುದ್ಧೀಕರಣ ಘಟಕ ಇದರಲ್ಲಿ ಬಹುಪಾಲನ್ನು ತೆಗೆದುಹಾಕುತ್ತದೆ, ಅದನ್ನೂ ಹೇಳಬೇಕು. ಆದರೆ ಕೊಳಚೆ ನೇರವಾಗಿ ನೀರಿಗೆ ಸೇರುವ ಕಡೆ ಆ ರಕ್ಷಣೆ ಇಲ್ಲ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಮಿಳುನಾಡಿನ ಕಡೆಯ ಕಾವೇರಿ, ವೆಳ್ಳಾರ್ ಮತ್ತು ತಾಮಿರಪರಣಿ ನದಿಗಳ ನೀರಿನಲ್ಲಿ ಟ್ರೈಕ್ಲೋಸಾನ್ ಸಿಕ್ಕಿತ್ತು.

ಈಗ ಒಂದು ತೊಟ್ಟಿ ನೀರಿನಲ್ಲಿ ಲೀಟರಿಗೆ ಹತ್ತು ಮೈಕ್ರೋಗ್ರಾಂ ಟ್ರೈಕ್ಲೋಸಾನ್ ಇದೆ ಅಂದುಕೊಳ್ಳಿ. ಮೀನು ಬಿಡಿ. ನಾಲ್ಕು ದಿನ ಆದಮೇಲೂ ಮೀನುಗಳು ಆರಾಮವಾಗಿ ಓಡಾಡಿಕೊಂಡಿರುತ್ತವೆ. ಪರೀಕ್ಷೆ ಪಾಸು. ಅದೇ ನೀರಿನಲ್ಲಿ ಹಸಿರು ಪಾಚಿಯ ಬೆಳವಣಿಗೆ ಹೆಚ್ಚುಕಡಿಮೆ ನಿಂತಿರುತ್ತದೆ. ಪಾಚಿಯನ್ನು ತಿನ್ನುವ ಜೀವಿಗಳು, ಅವನ್ನು ತಿನ್ನುವ ಮೀನುಮರಿಗಳು ಇವೆಯಲ್ಲ, ಅವುಗಳ ಊಟದ ಬುಡಕ್ಕೇ ಪೆಟ್ಟು ಬಿದ್ದಿರುತ್ತದೆ. ನಾಲ್ಕು ದಿನದ ಮೀನಿನ ಪರೀಕ್ಷೆಗೆ ಇದು ಕಾಣುವುದಿಲ್ಲ.

ಪಾಚಿಗೇ ಯಾಕೆ ಇಷ್ಟು ತಟ್ಟುತ್ತದೆ? ಟ್ರೈಕ್ಲೋಸಾನ್ ಬ್ಯಾಕ್ಟೀರಿಯಾದ ಒಳಗೆ ಕೊಬ್ಬಿನಾಮ್ಲ ತಯಾರಿಸುವ ಒಂದು ಕಿಣ್ವವನ್ನು ಹಿಡಿದು ಕಟ್ಟಿಹಾಕುತ್ತದೆ. ಕೊಬ್ಬಿನಾಮ್ಲ ಇಲ್ಲದಿದ್ದರೆ ಕೋಶಕ್ಕೆ ಹೊರಪೊರೆ ಕಟ್ಟಲು ಆಗುವುದಿಲ್ಲ. ಗಿಡಗಳ ಮತ್ತು ಪಾಚಿಯ ಕೋಶದಲ್ಲಿರುವ ಹಸಿರುಕಣ, ಅಂದರೆ ಕ್ಲೋರೋಪ್ಲಾಸ್ಟ್, ಬಹಳ ಹಿಂದಿನ ಕಾಲದಲ್ಲಿ ಒಂದು ಬ್ಯಾಕ್ಟೀರಿಯಾವೇ ಆಗಿತ್ತು. ಇವತ್ತಿಗೂ ಅದು ಕೊಬ್ಬಿನಾಮ್ಲ ತಯಾರಿಸುವುದು ಬ್ಯಾಕ್ಟೀರಿಯಾದ ದಾರಿಯಲ್ಲೇ, ಅದೇ ಬಳಗದ ಕಿಣ್ವಗಳಿಂದ. ಮೀನಿನ ದೇಹದ ದಾರಿ ಬೇರೆ. ಬ್ಯಾಕ್ಟೀರಿಯಾಗೆ ಅಂತ ಮಾಡಿದ ಔಷಧ ಹಸಿರು ಜೀವಿಗೂ ತಗಲುವುದಕ್ಕೆ ಇಂಥ ನಂಟುಗಳು ಕಾರಣ. ನನಗೆ ಇದು ಜೀವವಿಜ್ಞಾನದ ಅತ್ಯಂತ ಸುಂದರ ಸಂಗತಿಗಳಲ್ಲಿ ಒಂದು ಅನ್ನಿಸುತ್ತದೆ, ಪರಿಣಾಮ ಸುಂದರವಲ್ಲದಿದ್ದರೂ.

ಇನ್ನು ಪರೀಕ್ಷೆ ಹೇಗೆ ಮಾಡುತ್ತೇವೆ ಎಂದು ಹೇಳುತ್ತೇನೆ. ಜಗತ್ತಿನ ಹೆಚ್ಚಿನ ಲ್ಯಾಬುಗಳು ಪಾಲಿಸುವುದು ಒಇಸಿಡಿ ಎಂಬ ಹಲವು ದೇಶಗಳ ಒಕ್ಕೂಟದ 201ನೇ ಮಾರ್ಗಸೂಚಿಯನ್ನು. 1984ರಲ್ಲಿ ಬಂತು, 2006ರಲ್ಲಿ ಪರಿಷ್ಕಾರವಾಯಿತು. ಅದರಲ್ಲಿ ಹೆಸರಿಸಿರುವ ಪಾಚಿಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ರಾಫಿಡೋಸೆಲಿಸ್ ಸಬ್‌ಕ್ಯಾಪಿಟಾಟಾ. ಒಂದೇ ಕೋಶದ, ಬಾಗಿದ ಆಕಾರದ ಹಸಿರು ಪಾಚಿ. ಉದ್ದ ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಭಾಗದಷ್ಟು. 1959ರಲ್ಲಿ ನಾರ್ವೆಯ ನಿಟೆಲ್ವಾ ನದಿಯಿಂದ ಇದನ್ನು ಬೇರ್ಪಡಿಸಿದರು. ಇವತ್ತು ಲ್ಯಾಬುಗಳಲ್ಲಿ ಬೆಳೆಯುತ್ತಿರುವುದು ಆ ಒಂದು ತಳಿಯ ಸಂತತಿಯೇ. ಮೊದಮೊದಲು ಇದನ್ನು ವಿಷ ನೋಡಲು ಬಳಸುತ್ತಿರಲಿಲ್ಲ. ಕೆರೆಗಳಿಗೆ ರಂಜಕ, ಸಾರಜನಕ ಜಾಸ್ತಿಯಾಗಿ ಪಾಚಿ ಉಕ್ಕುವುದನ್ನು ಅಳೆಯಲು ಬಳಸುತ್ತಿದ್ದರು. 1971ರಲ್ಲಿ ಅಮೆರಿಕದ ಪರಿಸರ ಸಂಸ್ಥೆ ಹೊರತಂದ ಬಾಟಲಿ ಪರೀಕ್ಷೆಯ ಉದ್ದೇಶ ಅದೇ ಆಗಿತ್ತು.

ಕೆಲಸ ಹೀಗೆ. ಗಾಜಿನ ಫ್ಲಾಸ್ಕ್‌ಗಳಲ್ಲಿ ಪೋಷಕ ಲವಣಗಳ ನೀರು ತುಂಬುತ್ತೇವೆ. ಪ್ರತಿ ಮಿಲಿಲೀಟರಿಗೆ ಐದರಿಂದ ಹತ್ತು ಸಾವಿರ ಕೋಶ ಬರುವ ಹಾಗೆ ಪಾಚಿ ಬಿಡುತ್ತೇವೆ. ಈ ಹಂತದಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ, ತಿಳಿನೀರೇ. ರಾಸಾಯನಿಕವನ್ನು ಕನಿಷ್ಠ ಐದು ಪ್ರಮಾಣಗಳಲ್ಲಿ ಹಾಕುತ್ತೇವೆ. ಒಂದರಿಂದ ಇನ್ನೊಂದಕ್ಕೆ 3.2 ಪಟ್ಟಿಗಿಂತ ಜಾಸ್ತಿ ಅಂತರ ಇರಬಾರದು. ಪ್ರತಿ ಪ್ರಮಾಣಕ್ಕೂ ಮೂರು ಫ್ಲಾಸ್ಕ್. ರಾಸಾಯನಿಕ ಇಲ್ಲದ ಕಂಟ್ರೋಲ್ ಫ್ಲಾಸ್ಕ್‌ಗಳು ಆರಾದರೆ ಒಳ್ಳೆಯದು. 21ರಿಂದ 24 ಡಿಗ್ರಿ ಶಾಖ, ಬಿಡುವಿಲ್ಲದ ಬೆಳಕು, ಮೆಲ್ಲಗೆ ಅಲುಗಾಡಿಸುವ ಶೇಕರ್. ಒಟ್ಟು 72 ಗಂಟೆ. ದಿನಕ್ಕೊಮ್ಮೆ ಕೋಶಗಳನ್ನು ಎಣಿಸುತ್ತೇವೆ. ಸೂಕ್ಷ್ಮದರ್ಶಕದ ಕೆಳಗೆ ಎಣಿಸಬಹುದು, ಯಂತ್ರದಿಂದ ಎಣಿಸಬಹುದು, ಇಲ್ಲವೇ ಕ್ಲೋರೋಫಿಲ್ ಸೂಸುವ ಬೆಳಕನ್ನು ಅಳೆದು ಲೆಕ್ಕ ಹಾಕಬಹುದು.

ಎಲ್ಲಕ್ಕಿಂತ ಮೊದಲು ನೋಡುವುದು ಕಂಟ್ರೋಲ್ ಫ್ಲಾಸ್ಕ್‌ಗಳನ್ನು. ಅಲ್ಲಿ ಪಾಚಿ ಮೂರು ದಿನದಲ್ಲಿ ಕನಿಷ್ಠ 16 ಪಟ್ಟು ಬೆಳೆದಿರಲೇಬೇಕು. ಬೆಳೆದಿಲ್ಲ ಅಂದರೆ ಇಡೀ ಪರೀಕ್ಷೆ ರದ್ದು. ವಿಷ ಇಲ್ಲದ ಕಡೆಯೇ ಚೆನ್ನಾಗಿ ಬೆಳೆಯದ ಪಾಚಿ ವಿಷದ ಬಗ್ಗೆ ಏನು ತಾನೇ ಹೇಳೀತು?

ಮುಂದಿನದು ಸ್ವಲ್ಪ ಲೆಕ್ಕ, ಆದರೆ ಇಡೀ ಪರೀಕ್ಷೆ ನಿಂತಿರುವುದು ಇದರ ಮೇಲೆ.

ಪಾಚಿ ಬೆಳೆಯುವುದು ಚಕ್ರಬಡ್ಡಿಯ ಹಾಗೆ. ಒಂದು ಎರಡಾಗುತ್ತದೆ, ಎರಡು ನಾಲ್ಕು, ನಾಲ್ಕು ಎಂಟು. ಮೂರು ದಿನದಲ್ಲಿ 16 ಪಟ್ಟು ಅಂದರೆ ನಾಲ್ಕು ಸಲ ಇಮ್ಮಡಿ. 18 ಗಂಟೆಗೊಮ್ಮೆ. ಈಗ ಒಂದು ರಾಸಾಯನಿಕ ಈ ವೇಗವನ್ನು ಸರಿಯಾಗಿ ಅರ್ಧ ಮಾಡಿತು ಅನ್ನಿ. 36 ಗಂಟೆಗೊಮ್ಮೆ ಇಮ್ಮಡಿ. ಮೂರು ದಿನದಲ್ಲಿ ಎರಡೇ ಸಲ, ಅಂದರೆ ನಾಲ್ಕು ಪಟ್ಟು. ಐದು ಸಾವಿರ ಕೋಶದಿಂದ ಶುರು ಮಾಡಿದ್ದರೆ ಕಂಟ್ರೋಲ್‌ನಲ್ಲಿ 80 ಸಾವಿರ, ಇಲ್ಲಿ 20 ಸಾವಿರ. ಹೊಸದಾಗಿ ಹುಟ್ಟಿದ್ದು ಅಲ್ಲಿ 75 ಸಾವಿರ, ಇಲ್ಲಿ 15 ಸಾವಿರ.

ಹಾಗಾದರೆ ಈ ರಾಸಾಯನಿಕ ಪಾಚಿಯನ್ನು ಎಷ್ಟು ತಡೆಯಿತು? ವೇಗ ನೋಡಿದರೆ ಶೇಕಡಾ 50. ಒಟ್ಟು ಬೆಳೆ ನೋಡಿದರೆ ಶೇಕಡಾ 80. ಫ್ಲಾಸ್ಕ್ ಒಂದೇ, ಪಾಚಿ ಒಂದೇ, ಉತ್ತರ ಎರಡು. ಅಷ್ಟೇ ಅಲ್ಲ. ಇದನ್ನು ಇನ್ನೂ ಒಂದು ದಿನ ಮುಂದುವರಿಸಿದರೆ ಬೆಳೆಯ ಲೆಕ್ಕದಲ್ಲಿ ಶೇಕಡಾ 80 ಇನ್ನೂ ಮೇಲೇರುತ್ತದೆ. ವೇಗದ ಲೆಕ್ಕ 50ರಲ್ಲೇ ಇರುತ್ತದೆ. ಅದಕ್ಕೇ ಇವತ್ತು ವಿಜ್ಞಾನಿಗಳು ವೇಗದ ಲೆಕ್ಕವನ್ನೇ ಹೆಚ್ಚು ನಂಬುತ್ತಾರೆ. ಬೆಳವಣಿಗೆಯ ವೇಗವನ್ನು ಅರ್ಧ ಮಾಡುವ ಪ್ರಮಾಣಕ್ಕೆ ಇಆರ್‌ಸಿ50 ಎನ್ನುತ್ತಾರೆ. ಯಾವುದಾದರೂ ವರದಿಯಲ್ಲಿ ಪಾಚಿಯ ಅಂಕಿ ಕಂಡರೆ ಅದು ಯಾವ ಲೆಕ್ಕ ಎಂದು ದಯವಿಟ್ಟು ನೋಡಿ. ಆಗಲೇ ಹೇಳಿದ 1.4 ಬೆಳೆಯ ಲೆಕ್ಕದ ಅಂಕಿ. ವೇಗದ ಲೆಕ್ಕಕ್ಕೆ ತಂದರೆ ಅದು ಸ್ವಲ್ಪ ಏರುತ್ತದೆ. ಆದರೂ ಕೆಲವೇ ಮೈಕ್ರೋಗ್ರಾಂ, ಮೀನಿನ 260ರ ಹತ್ತಿರಕ್ಕೂ ಹೋಗುವುದಿಲ್ಲ.

ಟ್ರೈಕ್ಲೋಸಾನ್ ಇಟ್ಟುಕೊಂಡು ಪರೀಕ್ಷೆ ಮಾಡುವುದು ಹೇಳಿದಷ್ಟು ಸುಲಭವಲ್ಲ. ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಗಾಜಿಗೂ ಪಾಚಿಯ ಮೈಗೂ ಅಂಟಿಕೊಳ್ಳುತ್ತದೆ. ಬೆಳಕಿಗೆ ಒಡೆಯುತ್ತದೆ, ಪಾಚಿಗೋ ಬೆಳಕು ಬೇಕೇ ಬೇಕು. ಹಾಗಾಗಿ ಬಾಟಲಿಗೆ ನಾವು ಹಾಕಿದ್ದು ಎಷ್ಟು ಅನ್ನುವುದನ್ನು ನಂಬಿ ಕೂರಲು ಆಗುವುದಿಲ್ಲ. ಶುರುವಿನಲ್ಲೂ ಕೊನೆಯಲ್ಲೂ ನೀರಿನಲ್ಲಿ ನಿಜವಾಗಿ ಎಷ್ಟಿದೆ ಎಂದು ಅಳೆಯಬೇಕು. ಹಾಕಿದ ಪ್ರಮಾಣಕ್ಕೂ ಅಳೆದದ್ದಕ್ಕೂ ಶೇಕಡಾ 20ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಅಳೆದ ಅಂಕಿಯ ಮೇಲೇ ಲೆಕ್ಕ ಕಟ್ಟಬೇಕು.

ಇನ್ನೊಂದು ಸೂಕ್ಷ್ಮ ಇದೆ, ನನಗೆ ಬಹಳ ಇಷ್ಟವಾದದ್ದು. ಪಾಚಿ ಬೆಳೆಯುತ್ತಾ ನೀರಿನಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಳ್ಳುತ್ತದೆ. ಆಗ ನೀರಿನ ಪಿಎಚ್ ಏರುತ್ತದೆ. ಟ್ರೈಕ್ಲೋಸಾನ್‌ಗೆ ಎರಡು ರೂಪ. ಪಿಎಚ್ 8ರ ಆಸುಪಾಸಿನಲ್ಲಿ ಅರ್ಧ ಒಂದು ರೂಪ, ಅರ್ಧ ಇನ್ನೊಂದು. ಅದಕ್ಕಿಂತ ಕೆಳಗೆ ವಿದ್ಯುದಂಶ ಇಲ್ಲದ ರೂಪ ಜಾಸ್ತಿ. ಕೋಶದೊಳಗೆ ಸುಲಭವಾಗಿ ನುಗ್ಗುವುದು ಅದೇ. ಪಿಎಚ್ ಮೇಲಕ್ಕೆ ಹೋದಷ್ಟೂ ವಿದ್ಯುದಂಶ ಇರುವ, ಅಷ್ಟು ಕಟುವಲ್ಲದ ರೂಪ ಜಾಸ್ತಿಯಾಗುತ್ತದೆ. ಅಂದರೆ ಚೆನ್ನಾಗಿ ಬೆಳೆಯುವ ಪಾಚಿ ತನ್ನ ಸುತ್ತಲಿನ ವಿಷವನ್ನು ತಾನೇ ಸ್ವಲ್ಪ ಸಪ್ಪೆ ಮಾಡಿಕೊಳ್ಳುತ್ತದೆ! ಕಂಟ್ರೋಲ್‌ನಲ್ಲಿ ಪಿಎಚ್ 1.5ಕ್ಕಿಂತ ಜಾಸ್ತಿ ಏರಬಾರದು ಎಂದು ಮಾರ್ಗಸೂಚಿ ಹೇಳುತ್ತದೆ. ಇಂಥ ವಸ್ತುಗಳಿಗೆ ಅಷ್ಟು ಸಡಿಲವೂ ಸಲ್ಲದು ಎನ್ನುವುದು ನನ್ನ ಅಭಿಪ್ರಾಯ.

ಬೇರೆ ವಸ್ತುಗಳಿಗೆ ಬೇರೆ ತೊಡಕು. ಬಟ್ಟೆಯ ಬಣ್ಣಗಳಾದರೆ ನೀರಿಗೇ ಬಣ್ಣ ಬಂದು ಬೆಳಕು ತಡೆಯುತ್ತದೆ, ಪಾಚಿ ಸೊರಗಿದ್ದು ವಿಷದಿಂದಲೋ ನೆರಳಿನಿಂದಲೋ ಬಿಡಿಸಿ ನೋಡಬೇಕು. ಆವಿಯಾಗಿ ಹಾರಿಹೋಗುವ ದ್ರಾವಕಗಳಿಗೆ ಬಾಯಿ ಬಿಗಿದ ಬಾಟಲಿ ಬೇಕು.

ಈ ಅಂಕಿಗಳಿಂದ ಏನು ಪ್ರಯೋಜನ? ಯುರೋಪಿನಲ್ಲಿ ರೀಚ್ ಎಂಬ ಕಾನೂನು 2007ರಿಂದ ಜಾರಿಯಲ್ಲಿದೆ. ಒಂದು ರಾಸಾಯನಿಕವನ್ನು ವರ್ಷಕ್ಕೆ ಒಂದು ಟನ್ ತಯಾರಿಸಿದರೂ, ತರಿಸಿಕೊಂಡರೂ ಸಾಮಾನ್ಯವಾಗಿ ಪಾಚಿ ಮತ್ತು ಡಾಫ್ನಿಯಾ ಪರೀಕ್ಷೆಯ ಫಲಿತಾಂಶ ಕೊಡಬೇಕು. ಮೀನಿನ ಪರೀಕ್ಷೆ ಕೇಳುವುದು ಹತ್ತು ಟನ್ ದಾಟಿದ ಮೇಲೆ. ಮೊದಲು ಪಾಚಿ, ಆಮೇಲೆ ಮೀನು. 2016ರ ಜನವರಿಯಲ್ಲಿ ಕೈ, ಮೈ ತೊಳೆಯುವ ಸೋಂಕುನಿವಾರಕಗಳಲ್ಲಿ ಟ್ರೈಕ್ಲೋಸಾನ್ ಬಳಸಲು ಯುರೋಪಿಯನ್ ಒಕ್ಕೂಟ ಒಪ್ಪಿಗೆ ನಿರಾಕರಿಸಿತು. ಕೊಟ್ಟ ಕಾರಣಗಳಲ್ಲಿ ಹೊಳೆ, ಕೆರೆಗಳ ನೀರಿಗೆ ಆಗುವ ಅಪಾಯ ಮುಖ್ಯವಾದದ್ದು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮನೆಬಳಕೆಯ ಸೋಪುಗಳಿಂದ ಟ್ರೈಕ್ಲೋಸಾನ್ ಸೇರಿ 19 ವಸ್ತುಗಳನ್ನು ಹೊರಗಿಟ್ಟಿತು. ಅಲ್ಲಿನ ಕಾರಣ ಬೇರೆ. ಸಾದಾ ಸೋಪು, ನೀರಿಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ, ಬಹಳ ಕಾಲ ಬಳಸಿದರೂ ಸುರಕ್ಷಿತ ಎಂದು ತಯಾರಕರು ತೋರಿಸಿಕೊಡಲಿಲ್ಲ. ಅಲ್ಲಿಗೆ ಈ ವಸ್ತು ಸೋಪಿನಲ್ಲಿ ಬೇಕಾಗಿಯೇ ಇರಲಿಲ್ಲ ಎಂದಾಯಿತು, ಅಲ್ವಾ? ಬೇಕಿಲ್ಲದ ವಸ್ತುವಿಗಾಗಿ ಅಷ್ಟು ವರ್ಷ ಹೊಳೆಗಳು ಬೆಲೆ ತೆತ್ತವು. ಇದು ನನಗೆ ನಿಜವಾಗಲೂ ನೋವು ಕೊಡುವ ಸಂಗತಿ.

ಕಾರ್ಖಾನೆ ನೀರಿಗೂ ಹೊರದೇಶಗಳಲ್ಲಿ ಪಾಚಿಯನ್ನು ಕೇಳುತ್ತಾರೆ. ಜರ್ಮನಿಯ ತ್ಯಾಜ್ಯನೀರಿನ ಕಾನೂನಿನಲ್ಲಿ ಕೆಲವು ಉದ್ಯಮಗಳಿಗೆ ಮೀನಿನ ಮೊಟ್ಟೆ, ಡಾಫ್ನಿಯಾ, ಹೊಳೆಯುವ ಬ್ಯಾಕ್ಟೀರಿಯಾ ಇವುಗಳ ಜೊತೆ ಪಾಚಿಯ ಪರೀಕ್ಷೆಯೂ ಇದೆ. ಅಮೆರಿಕದಲ್ಲೂ ಹೊರಬಿಡುವ ನೀರನ್ನು ಅಳೆಯುವ ವಿಧಾನಗಳಲ್ಲಿ ಇದೇ ನಾರ್ವೆ ಪಾಚಿಯ 96 ಗಂಟೆಯ ಪರೀಕ್ಷೆ ಸೇರಿದೆ.

ನಮ್ಮಲ್ಲಿ ಇದನ್ನು ಮಾಡಬಲ್ಲವರಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. 2011ರ ಮಾರ್ಚಿನಲ್ಲಿ ಭಾರತ ಒಇಸಿಡಿಯ ಪರಸ್ಪರ ಒಪ್ಪಿಗೆಯ ವ್ಯವಸ್ಥೆಗೆ ಪೂರ್ತಿಯಾಗಿ ಸೇರಿತು. ಮಾನ್ಯತೆ ಪಡೆದ ಭಾರತದ ಲ್ಯಾಬು ಮಾಡಿದ ಪರೀಕ್ಷೆಯನ್ನು ಯುರೋಪಿನಲ್ಲೂ ಜಪಾನಿನಲ್ಲೂ ಒಪ್ಪಬೇಕು. ಬೆಂಗಳೂರು ಮತ್ತು ಸುತ್ತಮುತ್ತ ಇಂಥ ಲ್ಯಾಬುಗಳಿವೆ. ಬೇರೆ ದೇಶದ ಹೊಳೆಗಳನ್ನು ಕಾಯುವ ಕಾನೂನಿಗೆ ಬೇಕಾದ ಪಾಚಿ ಪರೀಕ್ಷೆಯನ್ನು ನಮ್ಮ ಹುಡುಗ ಹುಡುಗಿಯರು ಇಲ್ಲೇ ಕೂತು ಮಾಡುತ್ತಿದ್ದಾರೆ. ನಾನು ಕೇಳುತ್ತಿರುವುದು ಇಷ್ಟೇ. ಆ 96 ಗಂಟೆಯ ಮೀನಿನ ಪರೀಕ್ಷೆಯ ಪಕ್ಕದಲ್ಲಿ 72 ಗಂಟೆಯ ಪಾಚಿ ಪರೀಕ್ಷೆಯನ್ನೂ ನಮ್ಮ ನಿಯಮ ಸೇರಿಸಿಕೊಳ್ಳಲಿ. ಸೋಪು, ಔಷಧಿ, ಕೀಟನಾಶಕ, ಬಣ್ಣ ತಯಾರಿಸುವ ಕಾರ್ಖಾನೆಗಳಿಂದಲೇ ಶುರುವಾಗಲಿ.

ಪ್ರಶ್ನೆ: ಸರ್, ನಮ್ಮ ಬೆಂಗಳೂರಿನ ಕೆರೆಗಳಲ್ಲಿ ಈಗಾಗಲೇ ಪಾಚಿ ಜಾಸ್ತಿಯಾಗಿ ನೀರು ಹಸಿರು ಕಟ್ಟಿದೆ. ಪಾಚಿ ಸ್ವಲ್ಪ ಸತ್ತರೆ ಒಳ್ಳೆಯದೇ ಅಲ್ವಾ?

ಈ ಪ್ರಶ್ನೆ ಬರಲೇಬೇಕಿತ್ತು, ಕೇಳಿದ್ದಕ್ಕೆ ಥ್ಯಾಂಕ್ಸ್. ಕೆರೆಯಲ್ಲಿ ಇರುವುದು ಒಂದೇ ಪಾಚಿಯಲ್ಲ. ಹಸಿರು ಪಾಚಿಗಳಿವೆ, ಗಾಜಿನಂಥ ಚಿಪ್ಪಿನ ಡಯಾಟಮ್‌ಗಳಿವೆ, ನೀಲಿಹಸಿರು ಪಾಚಿಗಳಿವೆ. ಡಾಫ್ನಿಯಾದಂಥ ಜೀವಿಗಳಿಗೆ ಒಳ್ಳೆಯ ಆಹಾರ ಮೊದಲ ಎರಡು. ಕೆರೆ ಮೇಲೆ ಕೆನೆ ಕಟ್ಟಿ ನಾರುವುದು, ಕೆಲವೊಮ್ಮೆ ದನಕರುಗಳಿಗೂ ವಿಷವಾಗುವುದು ಹೆಚ್ಚಾಗಿ ನೀಲಿಹಸಿರು ಪಾಚಿ. ರಾಸಾಯನಿಕ ಬಂದರೆ ಇವೆಲ್ಲ ಸಮವಾಗಿ ಸಾಯುವುದಿಲ್ಲ. ಸೂಕ್ಷ್ಮವಾದವು ಹೋಗುತ್ತವೆ, ಗಟ್ಟಿಯಾದವು ಆ ಜಾಗವನ್ನೂ ಹಿಡಿಯುತ್ತವೆ. 2013ರಲ್ಲಿ ಅಮೆರಿಕದ ಶಿಕಾಗೊ ಭಾಗದ ಸಂಶೋಧಕರು ಕೃತಕ ತೊರೆಗಳನ್ನು ಮಾಡಿ ಅವುಗಳಿಗೆ ಟ್ರೈಕ್ಲೋಸಾನ್ ಬಿಟ್ಟು ನೋಡಿದ್ದರು. ಪಾಚಿಗಳು ಭಾರಿ ಪ್ರಮಾಣದಲ್ಲಿ ಸತ್ತವು. ನೀಲಿಹಸಿರು ಪಾಚಿಯ ಪಾಲು ಆರು ಪಟ್ಟು ಏರಿತು. ಟ್ರೈಕ್ಲೋಸಾನ್‌ಗೆ ಜಗ್ಗದ ಬ್ಯಾಕ್ಟೀರಿಯಾಗಳೂ ಹೆಚ್ಚಾದವು. ನಿಮ್ಮ ಕೆರೆ ಹಸಿರು ಕಟ್ಟಲು ಕಾರಣ ಕೊಳಚೆಯ ರಂಜಕ ಮತ್ತು ಸಾರಜನಕ. ಅದನ್ನು ನಿಲ್ಲಿಸಬೇಕು. ಅದರ ಮೇಲೆ ರಾಸಾಯನಿಕವೂ ಸೇರಿದರೆ ಹಸಿರು ಹೋಗುವುದಿಲ್ಲ, ಇನ್ನೂ ಕೆಟ್ಟ ಹಸಿರು ಬರುತ್ತದೆ.

ಪ್ರಶ್ನೆ: ನಾನು ಶಿವಮೊಗ್ಗ ಕಡೆ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಮ್ಮ ಮಕ್ಕಳು ಈ ಪರೀಕ್ಷೆ ಮಾಡಬಹುದಾ?

ಖಂಡಿತ ಮಾಡಬಹುದು ಮೇಡಂ. ಮಾನ್ಯತೆ ಪಡೆದ ವರದಿ ಬರುವುದಿಲ್ಲ, ಆದರೆ ಕಲಿಯಲು ಸಾಕು. ಸೂಕ್ಷ್ಮದರ್ಶಕ, ರಕ್ತಕಣ ಎಣಿಸುವ ಗಾಜಿನ ಚೇಂಬರ್, ಒಂದೇ ಅಳತೆಯ ಫ್ಲಾಸ್ಕ್‌ಗಳು, ಬಿಳಿ ಟ್ಯೂಬ್‌ಲೈಟು. ಶೇಕರ್ ಇಲ್ಲದಿದ್ದರೆ ದಿನಕ್ಕೆ ಕೆಲವು ಸಲ ಕೈಯಲ್ಲೇ ಅಲುಗಾಡಿಸಿ. ಪಾಚಿಗೆ ಕ್ಲೋರೆಲ್ಲಾ ಸಿಕ್ಕರೂ ನಡೆಯುತ್ತದೆ, ಒಂದೇ ಜಾತಿಯ ಶುದ್ಧ ಕಲ್ಚರ್ ಆಗಿರಬೇಕು ಅಷ್ಟೇ. ನಿಮ್ಮದು ಅಡಿಕೆ ಸೀಮೆ, ಹಾಗಾಗಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ತೆಗೆದುಕೊಳ್ಳಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಇರುವುದು ಅದೇ, ಮಕ್ಕಳಿಗೆ ಮನೆಯಲ್ಲೇ ನೋಡಿ ಗೊತ್ತಿರುತ್ತದೆ. ತಾಮ್ರ ಪಾಚಿಗೆ ಕಟು. ಒಂದು ಎಚ್ಚರ ಇರಲಿ. ಪೋಷಕ ನೀರಿನಲ್ಲಿ ಕಬ್ಬಿಣ ಕರಗಿ ನಿಲ್ಲಲಿ ಎಂದು ಇಡಿಟಿಎ ಎಂಬ ರಾಸಾಯನಿಕ ಹಾಕಿರುತ್ತಾರೆ. ಅದು ತಾಮ್ರವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಇಡಿಟಿಎ ಜಾಸ್ತಿ ಇದ್ದರೆ ತಾಮ್ರದ ವಿಷ ಕಡಿಮೆ ಕಾಣುತ್ತದೆ. ಬೇಕಿದ್ದರೆ ಅದನ್ನೇ ಒಂದು ಪ್ರಯೋಗ ಮಾಡಿಸಿ, ಒಂದು ಸಾಲು ಇಡಿಟಿಎ ಜಾಸ್ತಿ ಹಾಕಿ, ಇನ್ನೊಂದು ಸಾಲು ಕಡಿಮೆ ಹಾಕಿ. ಉಳಿದ ನೀರನ್ನು ಸಿಂಕಿಗೆ ಚೆಲ್ಲಬೇಡಿ, ಒಂದು ಕ್ಯಾನಿನಲ್ಲಿ ಬೇರೆ ಶೇಖರಿಸಿ.

ಮೊದಲ ಸಲ ಮಾತ್ರ ಮೈಲುತುತ್ತವನ್ನೂ ಮುಟ್ಟಬೇಡಿ. ಬರೀ ಕಂಟ್ರೋಲ್ ಫ್ಲಾಸ್ಕ್‌ಗಳನ್ನು ಇಟ್ಟು, ದಿನಾ ಎಣಿಸಿ, ಮೂರು ದಿನದಲ್ಲಿ 16 ಪಟ್ಟು ಬರುತ್ತಾ ನೋಡಿ. ಬಾರದಿದ್ದರೆ ಬೆಳಕು ನೋಡಿ, ಶಾಖ ನೋಡಿ, ಫ್ಲಾಸ್ಕ್ ತೊಳೆದ ಸೋಪು ಉಳಿದಿದೆಯಾ ನೋಡಿ. ಎಲ್ಲ ಫ್ಲಾಸ್ಕ್‌ಗಳೂ ಹತ್ತಿರ ಹತ್ತಿರದ ಅಂಕಿ ಕೊಡಲು ಶುರು ಮಾಡಿದ ಮೇಲೆ ತಾಮ್ರ ಹಾಕಿ. ಪೋಷಕ ನೀರಿನ ಲವಣಗಳ ಪಟ್ಟಿ ನನ್ನ ಬಳಿ ಇದೆ, ಇವತ್ತೇ ಬರೆದುಕೊಂಡು ಹೋಗಿ.